ಟವೆಲ್ಲಿನ ಕೆಳಗಿನ ಸರ್ವೆ

ಕೆಲವರ ಮನೆಗೆ ಬೀಗರು ಬರುತ್ತಾರೆ, ಕೆಲವರ ಮನೆಗೆ ಜಪ್ತಿಯವರು ಬರುತ್ತಾರೆ. ನಮ್ಮ ಮನೆಗೆ ದೇಶದ ಸಮಸ್ಯೆಗಳು ಬರುತ್ತವೆ. ನಾನು ಕರೆದಿಲ್ಲ. ರಾಣೆಬೆನ್ನೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಒಂದು ಚಹಾ ಕುಡಿದು, "ಕಾಕಾನ ಮನಿ ಎಲ್ಲಿ?" ಅಂತ ಕೇಳಿಕೊಂಡು ತಾವೇ ಬರುತ್ತವೆ.

ಕಾಕಾ ಅಂದರೆ ನಾನು. ದನದ ದಲ್ಲಾಳಿ. ಎತ್ತಿನ ಬಾಲ ನೋಡಿ ಅದರ ಅಜ್ಜ ಯಾವ ಊರಿನವನಿದ್ದ ಅಂತ ಹೇಳಬಲ್ಲೆ. ಇಲ್ಲಿಯವರೆಗೆ ಒಂದು ಎತ್ತೂ ಅದನ್ನು ತಪ್ಪು ಅಂದಿಲ್ಲ. ಈಗ ಮೊಣಕಾಲು ನೋವಿನಿಂದ ವ್ಯಾಪಾರ ಕಡಿಮೆ ಮಾಡಿದ್ದೇನೆ. ದೇಶಕ್ಕೆ ಅದೇ ಅನುಕೂಲ ಆಯಿತು.

ಈ ಸಲ ಬಂದದ್ದು ಮಾದಕ ವಸ್ತುವಿನ ಸಮಸ್ಯೆ. ಬೆಂಗಳೂರಿನ ಒಂದು ಸಂಸ್ಥೆಯವರು, ಈ ದೇಶದಲ್ಲಿ ಎಷ್ಟು ಮಂದಿ ಗಾಂಜಾ, ಗುಳಿಗಿ, ಸೂಜಿ ಅಂತ ಹಾಳಾಗುತ್ತಿದ್ದಾರೆ ಅಂತ ಸಂಶೋಧನೆ ಮಾಡಲು ಒಬ್ಬ ಮೇಡಂ ಅವರನ್ನು ಕನ್ಸಲ್ಟಂಟ್ ಅಂತ ಇಟ್ಟುಕೊಂಡಿದ್ದರು. ಮೂವತ್ತರ ಆಸುಪಾಸಿನ, ಬಹಳ ಸಭ್ಯ ಹೆಣ್ಣುಮಗಳು. ಆಕೆ ಮೊದಲು ಎರಡು ಜಿಲ್ಲೆ ತಿರುಗಿದ್ದರು. ಎರಡೂ ಕಡೆ ಮಂದಿ "ನಮ್ಮಲ್ಲಿ ಯಾರೂ ಇಲ್ಲ" ಅಂದಿದ್ದರು. ಎರಡು ಸೊನ್ನೆ. ಆಕೆಯ ಮೇಲಿನ ಸಾಹೇಬರು ಹೇಳಿಬಿಟ್ಟಿದ್ದರು: "ಹಾವೇರಿ ಜಿಲ್ಲೆಯಿಂದ ಮೂರನೇ ಸೊನ್ನೆ ತರೋದಾದರೆ, ತರೋದೂ ಬೇಡ, ನೀವು ಬರೋದೂ ಬೇಡ."

ಹೀಗಾಗಿ ಆಕೆಗೆ ಒಂದೇ ಒಂದು ನಿಜವಾದ ಉತ್ತರ ಬೇಕಾಗಿತ್ತು. ಅದಕ್ಕಾಗಿ ನನ್ನಂಥವನು ಬೇಕಾದ.

೧. ನನ್ನ ನೇಮಕ

ಊರಿನ ಸಂಗತಿ ಬಲ್ಲ ಸ್ಥಳೀಯ ಸಲಹೆಗಾರ ಬೇಕು ಅಂತ ಮೇಡಂ ರಾಣೆಬೆನ್ನೂರಿನ ಒಂದು ಖಾನಾವಳಿಯಲ್ಲಿ ಸಂದರ್ಶನ ಇಟ್ಟರು. ನನಗಿಂತ ಮೊದಲು ಒಬ್ಬ ನಿವೃತ್ತ ಮಾಸ್ತರರು ಕುಳಿತು, ಇದಕ್ಕೆಲ್ಲ ಮೊಬೈಲೇ ಕಾರಣ ಅಂತ ರೊಟ್ಟಿ ಆರುವ ತನಕ ಭಾಷಣ ಮಾಡಿದರು. ಅವರ ನಂತರ ಬಂದ ಯುವ ಮುಖಂಡ, ಬ್ಯಾನರಿನಲ್ಲಿ ತನ್ನ ಫೋಟೋ ಎಡಕ್ಕೋ ಬಲಕ್ಕೋ ಅಂತ ಮಾತ್ರ ಕೇಳಿದ. ಆಮೇಲೆ ನಾನು.

"ಕಾಕಾ, ನಿಮಗೆ ಗಾಂಜಾ ಬಗ್ಗೆ ಏನು ಗೊತ್ತು?"

ಪ್ರಶ್ನೆ ಸಾದಾ ಅಲ್ಲ. ಗೊತ್ತು ಅಂದರೆ ಪೊಲೀಸರು ಬರುತ್ತಾರೆ, ಗೊತ್ತಿಲ್ಲ ಅಂದರೆ ಕೆಲಸ ಹೋಗುತ್ತದೆ. ಎರಡು ತುತ್ತು ಬದನೇಕಾಯಿ ಎಣ್ಣಿಗಾಯಿ ತಿಂದು ವಿಚಾರ ಮಾಡಿದೆ.

"ನನಗೇನೂ ಗೊತ್ತಿಲ್ರಿ."

"ಮತ್ತೆ?"

"ಗೊತ್ತಿದ್ದೋರು ಯಾರು ಅಂತ ಗೊತ್ತೈತ್ರಿ."

"ಅವರು ನಿಮ್ಮ ಹತ್ತಿರ ಮಾತಾಡ್ತಾರಾ?"

"ಮೇಡಂ, ನನ್ನ ಜೋಡಿ ಎತ್ತುಗೋಳ ಮಾತಾಡ್ತಾವ್ರಿ. ಮಂದಿ ಯಾವ ಲೆಕ್ಕ?"

ಅಲ್ಲೇ ನೇಮಕ ಆಯಿತು. ಈ ದೇಶದಲ್ಲಿ ಎಣ್ಣಿಗಾಯಿ ತಿನ್ನುತ್ತ ತಿನ್ನುತ್ತ ಸಲಹೆಗಾರನಾದವನು ನಾನೊಬ್ಬನೇ ಇರಬೇಕು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ಸಲಹೆಗಾರ ಅಂದ್ರ ಏನ್ರಿ?" ಅಂದಳು ಅವಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

"ನಾ ಸಲಹೆ ಕೊಡತೇನಿ. ಅದಕ್ಕ ಅವರು ಪಗಾರ ಕೊಡತಾರ."

"ತಪ್ಪು ತಿಳಕೊಂಡೀರಿ," ಅಂದಳು. "ನಿಮ್ಮ ಸಲಹೆ ಕೇಳಿದವರಿಗೆ ಪಗಾರ ಕೊಡಬೇಕು. ಆ ಲೆಕ್ಕದಾಗ ನಾ ಇಷ್ಟೊತ್ತಿಗೆ ಬಂಗ್ಲೆ ಕಟ್ಟಿಸ್ತಿದ್ನಿ."

೨. ಬ್ಯಾಡಗಿಯ ಕೆಂಪು ಕಣ್ಣು

ಮೊದಲು ಬ್ಯಾಡಗಿಗೆ ಹೋದೆವು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಾಲ್ಕು ರಾಜ್ಯದ ಮಂದಿ ಸೇರುತ್ತಾರೆ, ಅಲ್ಲಿ ಏನಾದರೂ ಸಿಕ್ಕೀತು ಅಂತ ನನ್ನ ಸಲಹೆ. ಮೇಡಂ ಅವರಿಗೆ ಬೆಂಗಳೂರಿನಲ್ಲಿ ತರಬೇತಿ ಕೊಟ್ಟಿದ್ದರು: ಕಣ್ಣು ಕೆಂಪಗಿದ್ದರೆ, ಮೂಗು ಸೋರುತ್ತಿದ್ದರೆ, ಸುಮ್ಮಸುಮ್ಮನೆ ಕಣ್ಣೀರು ಬರುತ್ತಿದ್ದರೆ ಅನುಮಾನ ಪಡಬೇಕು ಅಂತ.

ಮಾರುಕಟ್ಟೆಯ ಗೇಟು ದಾಟಿದ ಕೂಡಲೇ ಮೇಡಂ ನನ್ನ ತೋಳು ಹಿಡಿದುಕೊಂಡರು. ಚೀಲ ಹೊರುವ ಹಮಾಲರ ಕಣ್ಣು ಕೆಂಪು. ತಕ್ಕಡಿಯವನ ಮೂಗು ಸೋರುತ್ತಿತ್ತು. ಸಾಲಾಗಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಣ್ಣುಮಕ್ಕಳ ಕಣ್ಣಲ್ಲಿ ನೀರು. ಚಹಾ ತಂದವನೂ ಸೀನುತ್ತಲೇ ತಂದ.

"ಕಾಕಾ," ಅಂದರು ಮೇಡಂ, ಪಿಸುದನಿಯಲ್ಲಿ. "ಇಲ್ಲಿ... ಎಲ್ಲರೂನಾ?"

ಕಣ್ಣೀರಿನ ಬಗ್ಗೆ ಕೇಳುತ್ತಿದ್ದಾರೆ, ಅದು ಕಾಯಿಯ ಖಾರ ಅಂತ ಅವರಿಗೂ ಗೊತ್ತಿರುತ್ತದೆ ಅಂದುಕೊಂಡೆ. "ಹೌದ್ರಿ, ಎಲ್ಲಾರೂ."

"ಬೆಳಿಗ್ಗೆಯಿಂದಲೇ?"

"ಸೀಜನ್ನಿನ್ಯಾಗ ಮುಂಜಾನಿಂದ ಸಂಜಿತನಕ."

"ಹೆಂಗಸರೂ?"

"ಹೆಂಗಸರ ಜಾಸ್ತಿ."

"ಬಿಟ್ಟುಬಿಡೋಕೆ ಯಾರೂ ಪ್ರಯತ್ನ ಮಾಡಿಲ್ವಾ?"

"ಬಿಟ್ಟರ ಹೊಟ್ಟಿಗೆ ಏನ್ ತಿಂತಾರ್ರಿ? ಅವರವ್ವನೂ ಇದನ್ನ ಮಾಡಿದಾಕಿ, ಅಜ್ಜಿನೂ ಇದನ್ನ ಮಾಡಿದಾಕಿ."

ಮೇಡಂ ಪೆನ್ನು ತೆಗೆಯುವಷ್ಟರಲ್ಲಿ ಅವರಿಗೇ ಸೀನು ಬಂತು. ಒಂದು ಬಂದರೆ ನಿಲ್ಲುವುದಲ್ಲ ಅದು. ಕಣ್ಣು ಬ್ಯಾಡಗಿ ಕಾಯಿಯ ಹಾಗೆ ಕೆಂಪಾಯಿತು, ಮೂಗು ಸೋರಿತು, ತರಬೇತಿಯಲ್ಲಿ ಹೇಳಿದ ಲಕ್ಷಣಗಳೆಲ್ಲ ಒಂದೂ ಬಿಡದೆ ಬಂದವು. ತೊಟ್ಟು ಬಿಡಿಸುತ್ತಿದ್ದ ಒಬ್ಬ ಹಿರಿಯಾಕೆ ಎದ್ದು, ಬೆಲ್ಲದ ಚೂರು ಕೈಗಿಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು.

"ಅಳು ಬಂದ್ರ ಅಳ್ರಿ ಬಾಯಾರ, ನಾಚಬ್ಯಾಡ್ರಿ," ಅಂದಳು. "ಇಲ್ಲಿ ಯಾಕ ಅಳಾಕತ್ತೀರಿ ಅಂತ ಯಾರೂ ಕೇಳಂಗಿಲ್ಲ. ಅದಕ್ಕ ಈ ಜಾಗಾ ಚಲೋ."

ಮೇಡಂ ಕಣ್ಣೊರೆಸಿಕೊಂಡು, "ನಿಮ್ಮ ಓಣಿಯಲ್ಲಿ ಯಾರಾದರೂ ನಶೆ ಮಾಡ್ತಾರಾ ಅಮ್ಮ?" ಅಂತ ಕೇಳಿದರು. ಹಿರಿಯಾಕೆ ಬಾಯಿ ತೆರೆದಳು. ತೆರೆದು, ಹಿಂದೆ ನಿಂತಿದ್ದ ನನ್ನನ್ನೂ ತಕ್ಕಡಿಯವನನ್ನೂ ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ಮೇಡಂ ಅವರ ಬೆನ್ನು ಸವರುತ್ತ ಪಕ್ಕದವಳಿಗೆ ಹೇಳಿದಳು:

"ಪಾಪ, ಈಕಿಗೆ ಹೊಸದು ಕಾಣತೈತಿ. ಒಂದ ವಾರ ತಗೊಂಡ್ರ ರೂಢಿ ಆಕ್ಕತಿ."

೩. ಸುತ್ತುವ ಬಸ್ಸು

ಬ್ಯಾಡಗಿಯ ಹಿರಿಯರು ಹೇಳಿದರು: "ನಮ್ಮೂರಾಗ ಅಂಥಾದ್ದೇನೂ ಇಲ್ರಿ. ಇಲ್ಲಿ ಮಂದಿಗೆ ಮೆಣಸಿನಕಾಯಿ ಖಾರದಾಗ ತಲಿ ತಿರಗತೈತಿ, ಬ್ಯಾರೆ ಯಾಕ ಬೇಕು? ಅದೆಲ್ಲ ಹಾವೇರಿಯೊಳಗ."

ಹಾವೇರಿಗೆ ಹೋದೆವು. ಅಲ್ಲಿಯ ಹಿರಿಯರು ಮೇಡಂ ಅವರ ಕೊರಳಿಗೆ ಏಲಕ್ಕಿ ಹಾರ ಹಾಕಿ ಹೇಳಿದರು: "ಹಾವೇರಿಯೊಳಗ? ಛೇ ಛೇ. ಇಲ್ಲಿ ಏಲಕ್ಕಿ ವಾಸನಿ ಬಿಟ್ಟರ ಬ್ಯಾರೆ ವಾಸನಿ ಇಲ್ಲ. ನೀವು ರಾಣೆಬೆನ್ನೂರು ನೋಡ್ರಿ."

ರಾಣೆಬೆನ್ನೂರಿಗೆ ಬಂದೆವು. ಬೀಜದ ಅಂಗಡಿಯ ಸಾಹುಕಾರರು ನಕ್ಕರು: "ನಮ್ಮ ಮಂದಿಗೆ ಬೀಜ, ಗೊಬ್ಬರ, ಔಷಧ, ಇದರಾಗ ಹಗಲು ಮುಗೀತೈತಿ. ನಶಾ ಮಾಡಾಕ ಪುರಸೊತ್ತ ಎಲ್ಲೈತ್ರಿ? ಬ್ಯಾಡಗಿಗೆ ಹೋಗ್ರಿ."

ನಮ್ಮ ಮಂದಿಯ ಮರ್ಯಾದೆ ದೊಡ್ಡದು. ಸ್ವಂತ ಊರಿನ ಕೆಟ್ಟದ್ದನ್ನು ಹೊರಗಿನವರ ಮುಂದೆ ಹೇಳುವುದಿಲ್ಲ. ಆದರೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಅದಕ್ಕೆ ಪಕ್ಕದ ಊರಿನದನ್ನು ಕೊಟ್ಟು ಕಳಿಸುತ್ತಾರೆ.

ಹೀಗೆ ಮೂರು ಊರು ಸುತ್ತಿದ್ದೇ ಸುತ್ತಿದ್ದು. ಮೇಡಂ ಅವರಿಗೆ ಸರ್ಕಾರಿ ಬಸ್ಸು ಫ್ರೀ. ಮೀಸೆ ಬೆಳೆಸಿದ ತಪ್ಪಿಗೆ ನನಗೆ ಟಿಕೀಟು. ಕಂಡಕ್ಟರನಿಗೆ ನಮ್ಮನ್ನು ನೋಡಿ ನೋಡಿ ಕರುಳು ಚುರ್ ಅಂದಿರಬೇಕು. ಒಂದು ದಿನ ಮೇಡಂ ಪಕ್ಕ ಬಂದು ನಿಂತು ಮೆತ್ತಗೆ ಕೇಳಿದ:

"ಅಕ್ಕಾರ, ಸಿಟ್ಟ ಮಾಡಕೋಬ್ಯಾಡ್ರಿ. ದಿನಾ ಈ ಮೂರೂರಿಗೆ ಅಡ್ಡಾಡತೀರಿ. ಏನರ ಕಳಕೊಂಡೀರೇನು?"

ಮೇಡಂ ಕಿಟಕಿಯ ಹೊರಗೆ ನೋಡುತ್ತಲೇ ಅಂದರು: "ಒಂದು ನಿಜವಾದ ಉತ್ತರ ಹುಡುಕ್ತಾ ಇದ್ದೀನಿ ಅಣ್ಣ."

ಅವನು ಸೀಟಿನ ಕೆಳಗೆ ಬಗ್ಗಿ ನೋಡಿದ. ಮೇಲೆ ಸಾಮಾನು ಇಡುವ ಕಡೆಯೂ ನೋಡಿದ.

"ಬಸ್ಸಿನ್ಯಾಗ ಬಿಟ್ಟಿದ್ದರ," ಅಂದ, "ಇಷ್ಟೊತ್ತಿಗೆ ಡಿಪೋಕ್ಕ ಹೋಗಿರತೈತಿ. ಗುರುತು ಹೇಳಿದ್ರ ಕೊಡತಾರ್ರಿ."

೪. ಒಬ್ಬ ಸಿಕ್ಕ

ಅಷ್ಟರಲ್ಲಿ ಇಬ್ಬರು ಊರೂರು ತಿರುಗುತ್ತ "ಗಾಂಜಾ ಎಲ್ಲಿ ಸಿಗತೈತಿ, ಯಾರು ತಗೋತಾರ" ಅಂತ ಕೇಳುತ್ತಿದ್ದಾರೆ ಅನ್ನುವ ಸುದ್ದಿ ನಮಗಿಂತ ಮುಂದೆ ಹೋಗತೊಡಗಿತ್ತು. ಕುಮಾರಪಟ್ಟಣದ ಹತ್ತಿರ ಹೊಳೆಯ ಕಡೆ ಒಂದು ಚಹಾದಂಗಡಿಯಲ್ಲಿ ಕುಳಿತಿದ್ದೆವು. ಹರಿದ ಅಂಗಿ ಹಾಕಿಕೊಂಡು, ಗಲ್ಲಕ್ಕೆ ಮಣ್ಣು ಬಳಿದುಕೊಂಡು ಒಬ್ಬ ಬಂದು ನಮ್ಮ ಎದುರಿನ ಬೆಂಚಿಗೆ ಕುಳಿತ. ಮೈ ತೂಗಾಡಿಸುತ್ತ, "ನಾ ತಗೋತೇನಿ," ಅಂದ.

ಮೇಡಂ ಅವರ ಮುಖ ದೀಪಾವಳಿ ಆಯಿತು. ಅಷ್ಟು ದಿನಕ್ಕೆ "ಹೌದು" ಅಂದ ಮೊದಲ ಮನುಷ್ಯ!

"ನಿಮ್ಮ ಹೆಸರು ಬೇಡ," ಅಂದರು ಮೇಡಂ. "ಎಷ್ಟು ವರ್ಷದಿಂದ?"

"ನೀವು ಎಷ್ಟು ವರ್ಷದಿಂದ?" ಅಂದ ಅವನು.

ತಮ್ಮ ಕೆಲಸದ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡರು ಮೇಡಂ. "ನಾನು ಎರಡು ವರ್ಷದಿಂದ. ಇದಕ್ಕೆ ಮೊದಲು ಎರಡು ಜಿಲ್ಲೆ ಮುಗಿಸಿದೆ. ಅಲ್ಲಿ ಏನೂ ಸಿಗಲಿಲ್ಲ. ಇಲ್ಲಿ ಚೆನ್ನಾಗಿ ಸಿಗುತ್ತೆ ಅನ್ನೋ ಭರವಸೆ ಇದೆ."

ಅವನ ತೂಗಾಟ ನಿಂತಿತು. "ನಿಮ್ಮ ಹಿಂದ ಯಾರದಾರ?"

"ಬೆಂಗಳೂರಲ್ಲಿ ನಮ್ಮ ಸಾಹೇಬರಿದ್ದಾರೆ. ಇಡೀ ದೇಶ ಅವರೇ ನೋಡ್ಕೊಳ್ಳೋದು."

"ಇಡೀ ದೇಶ!" ಅಂದ ಅವನು. ಅವನ ಕಣ್ಣಲ್ಲಿ ನಕ್ಷತ್ರ ಮೂಡಿದ್ದು ನನಗೆ ಕಂಡಿತು. ಅದು ನಶೆಯ ನಕ್ಷತ್ರ ಅಲ್ಲ, ಪ್ರಮೋಶನ್ನಿನದು.

ಈಗ ನನ್ನ ವಿದ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದನದ ದಲ್ಲಾಳಿ ಮೊದಲು ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ನೋಡಿದೆ. ಅಂಗಿ ಹರಿದಿತ್ತು, ಗಲ್ಲಕ್ಕೆ ಮಣ್ಣಿತ್ತು. ಆದರೆ ಕೆಳಗೆ ಕಂದು ಬಣ್ಣದ ಬೂಟು, ಮುಖ ಕಾಣುವ ಹಾಗೆ ಪಾಲಿಶು.

"ತಮ್ಮಾ," ಅಂದೆ, "ಅಂಗಿ ನಿಂದು, ಬೂಟು ಸರ್ಕಾರದ್ದು ಅಲ್ಲೇನೋ?"

ಅವನು ಕೆಳಗೆ ನೋಡಿದ. ಮೇಲೆ ನೋಡಿದ. ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಯಾವ ಠಾಣೆಯವನು ಅಂತ ಹೇಳುವುದಿಲ್ಲ, ಒಳ್ಳೆಯ ಹುಡುಗ. ಎರಡನೇ ಚಹಾ ಬರುವಷ್ಟರಲ್ಲಿ ಮೇಡಂ ತಮ್ಮ ಗುರುತಿನ ಚೀಟಿ ತೋರಿಸಿದರು, ಅವನು ತನ್ನದು ತೋರಿಸಿದ. ಇಬ್ಬರ ಮುಖವೂ ಇಳಿದುಹೋಯಿತು. ಮೂರನೇ ಸೊನ್ನೆಯ ವಿಷಯ, ಸಾಹೇಬರ ವಿಷಯ ಎಲ್ಲ ಕೇಳಿಕೊಂಡು ಅವನು ಎದ್ದ. ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದ.

"ಅಕ್ಕಾರ, ಅಷ್ಟ ಅಡಚಣಿ ಇದ್ದರ ನನ್ನ ಒಬ್ಬನ್ನ ಲೆಕ್ಕಕ್ಕ ಹಿಡಕೋರಿ, ಏನಾಕ್ಕತಿ," ಅಂದ. "ಡ್ಯೂಟಿ ಮ್ಯಾಲಿದ್ದೆ ಅಂತ ಮಾತ್ರ ಬರೀಬ್ಯಾಡ್ರಿ."

೫. ಆರೂವರೆ ಮಂದಿ

ಮೇಡಂ ಬಟ್ಟೆ ಚೀಲ ಕಟ್ಟತೊಡಗಿದರು. "ಯಾಕೆ ಕಾಕಾ, ಒಬ್ಬರೂ ಬಾಯಿ ಬಿಡಲ್ಲ? ನಾನೇನು ಪೊಲೀಸ್ ಕಂಪ್ಲೇಂಟ್ ಕೊಡ್ತೀನಾ? ಎಷ್ಟು ಜನ ಅಂತ ಗೊತ್ತಾದ್ರೆ ತಾನೇ ಇಲ್ಲಿ ಒಬ್ಬ ಡಾಕ್ಟರನ್ನಾದ್ರೂ ಕೂರಿಸಿ ಅಂತ ಕೇಳೋಕಾಗೋದು?"

ಆಗ ನನ್ನ ತಲೆಯಲ್ಲಿ ಬೆಳಕಾಯಿತು. ನನ್ನ ತಲೆಯಲ್ಲಿ ಅದು ಆಗಾಗ ಆಗುತ್ತದೆ, ನಾನು ಯಾರಿಗೂ ಹೇಳುವುದಿಲ್ಲ.

"ಮೇಡಂ, ನೀವು ಬಾಯಿ ಕೇಳಾಕತ್ತೀರಿ. ನಮ್ಮ ಕಡೆ ಬಾಯಿ ಊರಿಂದು. ಕೈ ಮಾತ್ರ ತನ್ನದು. ಕೈ ಕೇಳೂಣು ಬರ್ರಿ."

ದನದ ಸಂತೆಯಲ್ಲಿ ನಾವು ವ್ಯಾಪಾರ ಮಾಡುವುದು ಬಾಯಿಯಿಂದ ಅಲ್ಲ. ಇಬ್ಬರೂ ಕೈ ಹಿಡಿದು ಮೇಲೆ ಒಂದು ಟವೆಲ್ ಹಾಕಿಕೊಳ್ಳುತ್ತೇವೆ. ಒಳಗೆ ಬೆರಳು ಹಿಡಿದರೆ ಅಂಕಿ. ಬೆರಳಿನ ನಡುವಿನ ಗೆಣ್ಣು ಒತ್ತಿದರೆ ಅರ್ಧ. ಬಾಯಿ ಮಳೆಯ ಮಾತು, ಬೆಳೆಯ ಮಾತು, ಮಗಳ ಮದುವೆಯ ಮಾತು ಆಡುತ್ತಿರುತ್ತದೆ. ಸುತ್ತ ನೂರು ಮಂದಿ ನಿಂತಿದ್ದರೂ ಒಳಗೆ ಏನು ನಡೆಯಿತು ಅಂತ ಆ ಎರಡು ಕೈಗೆ ಮಾತ್ರ ಗೊತ್ತು.

ಹಾವೇರಿಯ ದನದ ಸಂತೆಯಲ್ಲಿ ಬೇವಿನ ಗಿಡದ ಕೆಳಗೆ ಕುಳಿತೆ. ಗುರುತಿನವರನ್ನು ಒಬ್ಬೊಬ್ಬರನ್ನಾಗಿ ಕರೆದು, ಕಿವಿಯಲ್ಲಿ ವಿಷಯ ಹೇಳಿ, ಟವೆಲ್ ಹಾಕಿದೆ. "ನಿಮ್ಮ ಓಣ್ಯಾಗ ಎಷ್ಟು ಮಂದಿ?" ಬಾಯಿ ತುಂಬ "ನಮ್ಮಲ್ಲಿ ಯಾರೂ ಇಲ್ಲ ಕಾಕಾ" ಅಂತಲೇ ಬೆರಳು ಹಿಡಿಯತೊಡಗಿದರು. ನಾನು ಹೇಳಿದ ಅಂಕಿಗಳನ್ನು ಮೇಡಂ ಪಕ್ಕದಲ್ಲಿ ಕುಳಿತು, ಸೊನ್ನೆ ತಪ್ಪಿದ ಖುಷಿಯಲ್ಲಿ ಹಿಂದೆಮುಂದೆ ನೋಡದೆ ಬರೆದುಕೊಂಡರು. ಆ ದಿನ ಆಕೆ ನನಗೆ ಒಂದು ಪ್ಲೇಟು ಮಿರ್ಚಿ ತಾವೇ ಕೊಡಿಸಿದರು. ಲೆಕ್ಕ ಬೆಂಗಳೂರಿಗೆ ಹೋಯಿತು.

ಮರುದಿನ ಸಾಹೇಬರ ಫೋನು. ಮೇಡಂ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದರಿಂದ ನನಗೂ ಕೇಳಿಸಿತು.

"ಏನ್ರೀ ಇದು? ಒಂದು ಓಣಿಯಲ್ಲಿ ಆರೂವರೆ ಜನ? ಇನ್ನೊಂದರಲ್ಲಿ ಮೂರೂವರೆ? ಅರ್ಧ ಮನುಷ್ಯ ಅಂದರೆ ಏನ್ರೀ? ಸೊಂಟದ ಮೇಲಾ, ಕೆಳಗಾ? ನಾನೇ ಬರ್ತೀನಿ. ಇದು ಸುಳ್ಳಾಗಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗೀತು."

ಮೇಡಂ ಫೋನಿಟ್ಟು ನನ್ನ ಕಡೆ ತಿರುಗಿದರು. "ಕಾಕಾ, ಅರ್ಧ ಹೇಗೆ ಬಂತು?"

"ಹೆಂಗ ಅಂದ್ರ, ಅಂವ ಎಂಟು ಅಂದ. ನಾ ಐದು ಅಂದೆ. ಅಂವ ಏಳಕ್ಕ ಇಳದ. ನಾ ಆರಕ್ಕ ಏರಿದೆ. ಆರೂವರಿಗೆ ಕೈ ಬಿಟ್ವಿ."

ಮೇಡಂ ತಮ್ಮ ಪುಸ್ತಕ ತೆರೆದು ಆ ಅಂಕಿಯ ಮೇಲೆ ಬೆರಳಿಟ್ಟರು. "ನೀವು ಯಾಕೆ ಐದು ಅಂದ್ರಿ?"

"ಹೇಳಿದ ರೇಟಿಗೆ ಹೂಂ ಅಂದ್ರ ನಾ ಎಂಥಾ ದಲ್ಲಾಳಿ ಆದೆ ಮೇಡಂ? ಟವೆಲ್ ಹಾಕಿದ ಮ್ಯಾಲೆ ಕೈ ತಾನ ಇಳಸತೈತಿ. ನಾ ಬ್ಯಾಡ ಅಂದ್ರೂ ಕೇಳಂಗಿಲ್ಲ."

"ಎಲ್ಲಾ ಓಣಿಗೂ ಹೀಗೇ ಮಾಡಿದ್ರಾ?"

"ಇಲ್ರಿ," ಅಂದೆ, ಅವರಿಗೆ ಸಮಾಧಾನ ಆಗಲಿ ಅಂತ. "ಒಂದು ಓಣಿಗೆ ಮಾತ್ರ ಹೇಳಿದ್ದನ್ನ ಹೇಳಿದಂಗ ಹಿಡದೇನಿ. ಅದು ನಮ್ಮ ಬೀಗರ ಓಣಿ. ಬೀಗರ ಜೋಡಿ ಚೌಕಾಶಿ ಚಂದ ಕಾಣಂಗಿಲ್ಲ."

೬. ಸಾಹೇಬರ ಹೋರಿ

ಮುಂದಿನ ಸಂತೆಗೆ ಸಾಹೇಬರು ಬಂದರು. ಬಿಳಿ ಬೂಟು ಹಾಕಿಕೊಂಡು ದನದ ಸಂತೆಗೆ ಬಂದ ಮೊದಲ ಮನುಷ್ಯ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಅವು ಬಿಳಿ ಇರಲಿಲ್ಲ.

"ಅರ್ಧ ಮನುಷ್ಯನ್ನ ಕಂಡುಹಿಡಿದವರು ಯಾರು?" ಅಂದರು.

"ನಾನ್ರಿ," ಅಂದೆ. ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಡುವ ಚಾಳಿ ನನಗಿಲ್ಲ.

ಮೇಡಂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು: ಮಂದಿ ಹೇಳಿದ್ದು ಖರೇ, ನಡುವೆ ಕಾಕಾ ಚೌಕಾಶಿ ಮಾಡಿದ್ದರಿಂದ ಅಂಕಿ ಕೆಟ್ಟಿತು, ಇನ್ನೊಂದು ಅವಕಾಶ ಕೊಟ್ಟರೆ ಸರಿಯಾಗಿ ಮಾಡುತ್ತೇನೆ ಅಂತ. ಸಾಹೇಬರು ತಲೆ ಅಲ್ಲಾಡಿಸಿದರು.

"ಅವಕಾಶ ಇಲ್ಲ, ಏನೂ ಇಲ್ಲ. ಟವೆಲ್ ಕೆಳಗೆ ಯಾರಾದರೂ ನಿಜ ಹೇಳ್ತಾರೇನ್ರಿ? ಕೊಡಿ ಇಲ್ಲಿ, ನಾನೇ ನೋಡ್ತೀನಿ. ನೀವು ಕಲಿಸಿಟ್ಟವರು ಬೇಡ. ಹೊಸ ಮನುಷ್ಯ ಬೇಕು."

ನಾನು ಬೇಡ ಅಂದೆ. ಖರೇ ಹೇಳುತ್ತೇನೆ, ಎರಡು ಸಲ ಅಂದೆ. ಮೂರನೇ ಸಲ ಅನ್ನಲಿಲ್ಲ, ಯಾಕೆಂದರೆ ಮಜಾ ಇತ್ತು.

ಸಾಹೇಬರು ಆರಿಸಿದ ಮನುಷ್ಯ ಆಗಷ್ಟೇ ಗಾಡಿಯಿಂದ ಒಂದು ಕೊಬ್ಬರಿ ಹೋರಿ ಇಳಿಸಿದ್ದ. ನಮ್ಮ ಕಡೆ ದೀಪಾವಳಿಯ ಹೊತ್ತಿಗೆ ಕೊರಳಿಗೆ ಒಣಕೊಬ್ಬರಿ ಹಾರ ಕಟ್ಟಿ ಓಡಿಸುತ್ತಾರಲ್ಲ, ಆ ಜಾತಿಯ ಹೋರಿ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ನಾಲ್ಕು ಮಂದಿ ಹಿಡಿದರೂ ನಿಲ್ಲದಂಥದ್ದು. ಮಾರಲು ತಂದಿದ್ದ. ಸರ್ವೆಯ ವಿಷಯ ಅವನಿಗೆ ತಿಳಿದಿರಲಿಲ್ಲ. ಸಂತೆಗೆಲ್ಲ ತಿಳಿದಿದೆ ಅಂತ ಸಾಹೇಬರ ಲೆಕ್ಕ. ಬಾಯಿಯಲ್ಲಿ ವಿಷಯ ಎತ್ತಬಾರದು ಅನ್ನುವ ರಿವಾಜನ್ನು ಮಾತ್ರ ಮೇಡಂ ಬರೆದು ಕಳಿಸಿದ್ದರಲ್ಲಿ ಓದಿಕೊಂಡಿದ್ದರು. ನೇರ ಹೋಗಿ ಕೈ ಹಿಡಿದು ಟವೆಲ್ ಹಾಕಿದರು.

"ಬಿಸಿಲು ಜಾಸ್ತಿ ಅಲ್ವಾ?" ಅಂದರು ಸಾಹೇಬರು.

"ಭಾಳ ಐತ್ರಿ. ಒಂದು ಮಳಿ ಆಗಿದ್ದರ ಚಲೋ ಇತ್ತು," ಅಂದ ಹೋರಿಯವನು, ಅವರನ್ನು ಮೇಲಿಂದ ಕೆಳಗೆ ನೋಡುತ್ತ. ಒಳಗೆ ನಾಲ್ಕು ಬೆರಳು ಹಿಡಿದಿರಬೇಕು. ಸಾಹೇಬರ ಹುಬ್ಬು ಮೇಲೆ ಹೋಯಿತು. ಒಂದು ಓಣಿಗೆ ನಾಲ್ಕು ಮಂದಿ ಅವರಿಗೆ ಜಾಸ್ತಿ ಅನ್ನಿಸಿತು. ಎರಡು ಬೆರಳು ಹಿಡಿದರು. ಹೋರಿಯವನು ಮುಖ ಹುಳ್ಳಗೆ ಮಾಡಿ 'ಇಲ್ಲ' ಅಂತ ಗೋಣು ಅಲ್ಲಾಡಿಸಿದ. ಸಾಹೇಬರು ಸ್ವಲ್ಪ ಯೋಚಿಸಿ ಮೂರು ಹಿಡಿದರು. ಹೋರಿಯವನು ಆಕಾಶ ನೋಡಿದ, ಹೋರಿ ನೋಡಿದ, ಒಂದು ದೊಡ್ಡ ಉಸಿರು ಬಿಟ್ಟ.

"ಆತು ಬಿಡ್ರಿ, ನಿಮ್ಮ ಮಾರಿ ನೋಡಿ ಕೊಟ್ಟೆ!" ಅಂದವನೇ ಸಾಹೇಬರ ಅಂಗೈಗೆ ಫಟ್ ಅಂತ ಹೊಡೆದು, ಕಿಸೆಯಿಂದ ದೇವರಗುಡ್ಡದ ಭಂಡಾರ ತೆಗೆದು ಹೋರಿಯ ಹಣೆಗೆ ಹಚ್ಚಿ, ಸಾಹೇಬರ ಹಣೆಗೂ ಹಚ್ಚಿ, ಹಗ್ಗವನ್ನು ಅವರ ಕೈಗೆ ಕೊಟ್ಟ. ಸುತ್ತ ನಿಂತವರು ಸಿಳ್ಳೆ ಹೊಡೆದರು.

ಸಾಹೇಬರು ಅರಿಶಿನದ ಹಣೆಯಲ್ಲಿ ನನ್ನ ಕಡೆ ತಿರುಗಿದರು. "ಪಾಪ, ಎಷ್ಟು ಗೌರವ ಕೊಡ್ತಾರೆ ಜನ! ಆದರೆ ಈ ಹಗ್ಗ ಯಾಕೆ?"

"ಹೋರಿ ನಿಮ್ಮದಾತಲ್ರಿ."

"ನಾನು ಎಷ್ಟು ಜನ ಅಂತ ಕೇಳಿದ್ದು!"

"ಅಂವ ಹೋರಿಗೆ ಎಷ್ಟು ಅಂತ ಹೇಳ್ಯಾನ. ನಾಲ್ಕು ಅಂದದ್ದನ್ನ ಮೂರಕ್ಕ ಇಳಿಸೀರಿ. ಭಾರಿ ಚೌಕಾಶಿ ಬಿಡ್ರಿ ಸಾಹೇಬ್ರ. ನನ್ನ ಕೈಲೂ ಅಷ್ಟು ಇಳೀತಿದ್ದಿಲ್ಲ."

"ಮೂರು ಅಂದರೆ... ಮೂರು ಸಾವಿರ?"

"ಸಾವಿರಕ್ಕ ಅದರ ಗೆಜ್ಜಿನೂ ಬರಂಗಿಲ್ರಿ. ಲಕ್ಷ."

ಸಾಹೇಬರು ಕುಳಿತುಬಿಟ್ಟರು. ದನದ ಸಂತೆಯಲ್ಲಿ ನೆಲ ನೋಡದೆ ಕುಳಿತುಕೊಳ್ಳಬಾರದು. ಅದನ್ನೂ ಹೇಳುವವನಿದ್ದೆ, ಆದರೆ ತಡವಾಗಿತ್ತು.

"ಬೇಡ ಅಂದುಬಿಡಿ ಅವನಿಗೆ!" ಅಂದರು ಕೆಳಗಿನಿಂದ.

"ಹಗ್ಗ ಕೈಗೆ ಬಂದ ಮ್ಯಾಲೆ ಬ್ಯಾಡ ಅಂದ್ರ ಈ ಸಂತ್ಯಾಗ ಯಾರೂ ಸುಮ್ನ ಬಿಡಂಗಿಲ್ಲ. ಆದ ಮಾತು ಮುರಿಯಾಕ ನಡುವ ಒಬ್ಬ ದಲ್ಲಾಳಿ ಬೇಕು." ಹಾಗೆಂದು ಕೆಳಗೆ ಬಿದ್ದಿದ್ದ ಟವೆಲ್ ಎತ್ತಿ ಕೊಡವತೊಡಗಿದೆ.

ಹೋರಿ ಮೂಗಿನಿಂದ ಒಂದು ಉಸಿರು ಬಿಟ್ಟಿತು. ಸಾಹೇಬರು ಹಗ್ಗ ಹಿಡಿದಿದ್ದ ತಮ್ಮ ಕೈ ನೋಡಿಕೊಂಡರು. "ನೀವೇ ದಲ್ಲಾಳಿ ಅಲ್ವಾ? ಏನಾದ್ರೂ ಮಾಡಿ ಕಾಕಾ."

ಮೊದಲ ಸಲ ಕಾಕಾ ಅಂದರು. ಅವರ ಇನ್ನೊಂದು ಕೈ ಹಿಡಿದು ಟವೆಲ್ ಹಾಕಿದೆ. ಬಾಯಿಯಲ್ಲಿ ಇಷ್ಟೇ ಅಂದೆ: "ಮೇಡಂ ಇನ್ನೊಮ್ಮೆ ಸರಿಯಾಗಿ ಲೆಕ್ಕ ಮಾಡಾಕ, ತಿಂಗಳು." ಒಳಗೆ ಮೂರು ಬೆರಳು ಹಿಡಿದೆ. ಅವರು ಒಂದು ಹಿಡಿದರು. ನಾನು ಹೋರಿಯ ಕಡೆ ನೋಡಿದೆ. ಅವರು ಎರಡು ಹಿಡಿದರು. ನಾನು ಮೂರರಲ್ಲೇ ನಿಂತೆ. ಆಗ ನೋಡಿ, ಬೆಂಗಳೂರಿನ ಸಾಹೇಬರು, ಯಾರೂ ಕಲಿಸದೆ, ಎರಡು ಬೆರಳು ಹಿಡಿದು ಮೂರನೆಯದರ ನಡುಗೆಣ್ಣು ಒತ್ತಿದರು.

ಕೈ ಬಿಟ್ಟೆವು. "ಎರಡೂವರೆ ತಿಂಗಳು," ಅಂತ ಮೇಡಂ ಅವರಿಗೆ ಕೂಗಿ ಹೇಳಿ, ಸಾಹೇಬರಿಗೆ ಮೆತ್ತಗೆ ಅಂದೆ: "ಅರ್ಧ ಅಂದ್ರ ಸೊಂಟದ ಮ್ಯಾಲೋ ಕೆಳಗೋ ಅಂತ ನಾ ಕೇಳಂಗಿಲ್ರಿ."

ಹೋರಿಯವನು ಯಾವ ತಕರಾರೂ ಎತ್ತದೆ ಹಗ್ಗ ವಾಪಸ್ ತೆಗೆದುಕೊಂಡ. ಮೂರಕ್ಕೆ ಕೊಟ್ಟ ಕ್ಷಣದಿಂದ ಅವನಿಗೆ ಕಡಿಮೆಗೆ ಕೊಟ್ಟೆ ಅನ್ನುವ ಹಳಹಳಿ ಇತ್ತು, ಅದು ನನಗೆ ಅವನ ಕಾಲಿನಲ್ಲೇ ಕಂಡಿತ್ತು. ಸಾಹೇಬರಿಗೆ ಅದನ್ನು ಹೇಳುವ ಅವಶ್ಯಕತೆ ಬೀಳಲಿಲ್ಲ.

ಆ ಎರಡೂವರೆ ತಿಂಗಳು ಮೇಡಂ ಬ್ಯಾಡಗಿಯಲ್ಲೇ ಕುಳಿತರು, ಆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಸಾಲಿನಲ್ಲಿ, ತಾವೂ ಒಂದು ರಾಶಿ ಮುಂದಿಟ್ಟುಕೊಂಡು. ನನಗೆ ಗೇಟಿನ ಒಳಗೆ ಬರಬಾರದು ಅಂತ ಆಜ್ಞೆ ಆಯಿತು. ಸಲಹೆಗಾರನ ಕೈ ಅಲ್ಲಿಂದ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು ಅಂದರು. ಹೊರಗಿನ ಚಹಾದಂಗಡಿಯಲ್ಲಿ ಕುಳಿತು ಸಲಹೆ ಕೊಡುತ್ತಿದ್ದೆ. ಚಹಾದವನಿಗೆ.

ಟವೆಲ್ಲಿನ ಬದಲು ಮೇಡಂ ತಮ್ಮ ದುಪಟ್ಟಾ ಹಾಕುತ್ತಿದ್ದರಂತೆ. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅದರ ಕೆಳಗೆ ಕೈ ಕೊಟ್ಟರಂತೆ. ಅಲ್ಲಿ ಎಲ್ಲರ ಕಣ್ಣೂ ಮೊದಲೇ ಕೆಂಪು. ಯಾವುದು ಖಾರದ ನೀರು, ಯಾವುದು ಮನೆಯ ದುಃಖದ ನೀರು ಅಂತ ಯಾರೂ ಕೇಳುವವರಿರಲಿಲ್ಲ.

ಲೆಕ್ಕ ಬೆಂಗಳೂರಿಗೆ ಹೋಯಿತು. ಸಾಹೇಬರ ಫೋನು ಬಂದಾಗ ಮೇಡಂ ನನ್ನ ಪಕ್ಕದ ಬೆಂಚಿನಲ್ಲೇ ಇದ್ದರು.

"ಎಲ್ಲಾ ಸರಿ ಇದೆ," ಅಂದರು ಸಾಹೇಬರು. "ಆದರೆ ಒಂದು ಕಡೆ ಮತ್ತೆ ಅರ್ಧ! ಆ ಮುದುಕ ಬಂದಿದ್ದನಾ?"

"ಇಲ್ಲ ಸರ್. ಒಬ್ಬ ತಾಯಿ." ಮೇಡಂ ಅಂದರು. ಬೆಲ್ಲ ಕೊಟ್ಟ ಆ ಹಿರಿಯಾಕೆ. "ಒಂದು ಬೆರಳು ಹಿಡಿದರು. 'ನನ್ನ ಮಗ' ಅಂದರು. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿದ್ದು, ಆಮೇಲೆ ಗೆಣ್ಣು ಒತ್ತಿದರು. 'ಬಿಡಬೇಕು ಅಂತ ಮಾಡ್ಯಾನ್ರಿ ಬಾಯಾರ, ಅರ್ಧ ಹಿಡಿರಿ' ಅಂದರು ಸರ್. ನಾನು ಚೌಕಾಶಿ ಮಾಡಲಿಲ್ಲ."

ಫೋನಿನ ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಅರ್ಧಕ್ಕೆ ಗೀಟು ಹಾಕುತ್ತಾರೆ ಅಂದುಕೊಂಡೆವು.

"ಅರ್ಧ ಅಂತಲೇ ಇರಲಿ," ಅಂದರು ಸಾಹೇಬರು. "ಮುಂದಿನ ಜಿಲ್ಲೆಗೂ ನೀವೇ ಹೋಗಿ. ಆ ದುಪಟ್ಟಾ ತಗೊಂಡು ಹೋಗಿ."

ಮೇಡಂ ಆ ದಿನ ಬೆಂಚಿನ ಮೇಲೆ ಕುಳಿತು ಸರಿಯಾಗಿ ಅತ್ತರು. ಬ್ಯಾಡಗಿಯಾದ್ದರಿಂದ ಯಾರೂ ಯಾಕೆ ಅಂತ ಕೇಳಲಿಲ್ಲ.

ನಾನು ಮನೆಗೆ ಬಂದು ಹೆಂಡತಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಜಗತ್ತಿಗೆ ಸೊನ್ನೆ ಕೊಟ್ಟಿದ್ದು ನಮ್ಮ ದೇಶ ಅಂತ ಎಲ್ಲರೂ ಎದೆ ತಟ್ಟಿಕೊಳ್ಳುತ್ತಾರೆ. ಇರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಸೊನ್ನೆಯ ಮೇಲೆ ಅರ್ಧ ಏರಿಸಿ ಕೊಟ್ಟವನು ರಾಣೆಬೆನ್ನೂರಿನ ಒಬ್ಬ ದಲ್ಲಾಳಿ. ಅದೂ ಒಂದು ಹೋರಿಯನ್ನೂ ಮಾರದೆ.